ಸೋಯಾ ಕ್ಯಾಪ್ಸೂಲ್, ಗರ್ಭಕೋಶದ ಚಾನೆಲ್ ಮತ್ತು ‘ಅದು ಬಿಡಿ’ ಎಂದ ಮಾತ್ರೆ: ಒಂದು ಪ್ರಕರಣ ಅಧ್ಯಯನ

ಪ್ರಕರಣ

ಆಕೆಗೆ 31 ವರ್ಷ. ಮನೆ ವಿಜಯನಗರ, ಕೆಲಸ ವೈಟ್‌ಫೀಲ್ಡ್. ಮುಟ್ಟಿನ ಮೊದಲ ಎರಡು ದಿನ ಕೆಳಹೊಟ್ಟೆ ಹಿಂಡುವ ನೋವು ಹೈಸ್ಕೂಲಿನ ಕಾಲದಿಂದಲೂ ಇದೆ. ನೋವು ಬಂದಾಗ ಮೆಫೆನಾಮಿಕ್ ಆಸಿಡ್ ಮಾತ್ರೆ, ಜತೆಗೊಂದು ಬಿಸಿನೀರಿನ ಚೀಲ. ಹೇಗೋ ನಡೆಯುತ್ತಿತ್ತು. ಐದು ತಿಂಗಳ ಹಿಂದೆ ಒಂದು ಹೆಲ್ತ್ ಅಂಗಡಿಯವರು ಸೋಯಾ ಐಸೋಫ್ಲೇವೋನ್ ಕ್ಯಾಪ್ಸೂಲ್ ಕೊಟ್ಟರು. ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್‌ನಂತೆ ವರ್ತಿಸುವ, ಸೋಯಾದಲ್ಲಿ ಸಿಗುವ ಸಸ್ಯದ ಅಂಶ ಅದು. ದಿನಕ್ಕೆ 80 ಮಿಲಿಗ್ರಾಂ. ಜತೆಗೆ ಹಸುವಿನ ಹಾಲು ಬಿಟ್ಟು ಸೋಯಾ ಹಾಲು ಕುಡಿಯಿರಿ ಎಂಬ ಸಲಹೆ. ಆಕೆ ಎರಡನ್ನೂ ಶ್ರದ್ಧೆಯಿಂದ ಮಾಡಿದರು.

ಐದು ತಿಂಗಳಾದ ಮೇಲೆ ಪರಿಸ್ಥಿತಿ ಹೀಗಿತ್ತು. ನೋವು ಕಮ್ಮಿಯಾಗಲಿಲ್ಲ. ರಕ್ತಸ್ರಾವ ಜಾಸ್ತಿಯಾಯಿತು, ಹೆಪ್ಪುಗಟ್ಟಿದ ರಕ್ತದ ಗಡ್ಡೆಗಳೂ ಬೀಳತೊಡಗಿದವು. ಸಂಜೆ ಮೆಟ್ರೋದಲ್ಲಿ ಸೀಟು ಸಿಕ್ಕರೆ ಅಲ್ಲೇ ನಿದ್ದೆ. ಆಕೆಯ ತಂಗಿ ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಎಂ.ಫಾರ್ಮ್ ವಿದ್ಯಾರ್ಥಿನಿ. ಅಕ್ಕನ ಜತೆ ಒಂದು ಮಡಚಿದ ಪಾಂಪ್ಲೆಟ್ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಅದರಲ್ಲಿ ಬರೆದಿತ್ತು: ಸಸ್ಯದ ಈಸ್ಟ್ರೋಜನ್‌ಗಳು ಗರ್ಭಕೋಶದ ಸ್ನಾಯುವಿನ ಕ್ಯಾಲ್ಸಿಯಂ ಚಾನೆಲ್ ಮುಚ್ಚುತ್ತವೆ, ಪೊಟ್ಯಾಸಿಯಂ ಚಾನೆಲ್ ತೆರೆಯುತ್ತವೆ, ಹೀಗಾಗಿ ಸ್ನಾಯು ತಾನಾಗೇ ಸಡಿಲವಾಗುತ್ತದೆ.

ಅಕ್ಕನ ಪ್ರಶ್ನೆ ನೇರವಾಗಿತ್ತು. ಇದು ಸುಳ್ಳಾ? ನಿಜವಾದರೆ ನನಗೆ ಯಾಕೆ ಕೆಲಸ ಮಾಡಲಿಲ್ಲ?

ನಾನು ಡಾಕ್ಟರ್ ಅಲ್ಲ, ಔಷಧಶಾಸ್ತ್ರ ಪಾಠ ಮಾಡುವವನು. ಚಿಕಿತ್ಸೆ ಹೇಳುವುದು ನನ್ನ ಕೆಲಸವಲ್ಲ. ಆದರೆ ಪಾಂಪ್ಲೆಟ್‌ನ ಆ ಸಾಲು ನನ್ನ ವಿಷಯವೇ. ಮತ್ತು ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ಸುಳ್ಳಾಗಿದ್ದರೆ ಈ ಪ್ರಕರಣ ಬರೆಯುವ ಅಗತ್ಯವೇ ಇರಲಿಲ್ಲ.

ಸ್ನಾಯು ಹಿಂಡುವುದು ಹೇಗೆ

ಗರ್ಭಕೋಶದ ಗೋಡೆಯ ದಪ್ಪ ಪದರ ನಯಸ್ನಾಯು. ನಾವು ಹೇಳಿದರೆ ಕೇಳುವುದಿಲ್ಲ, ಬೇಡ ಅಂದರೆ ನಿಲ್ಲುವುದಿಲ್ಲ. ಅದರ ಕೋಶದ ಹೊರಗೆ ಕ್ಯಾಲ್ಸಿಯಂ ಅಯಾನು ಒಳಗಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ. ಹೊರಗೆ ಒಂದು ಮಿಲಿಮೋಲಾರ್‌ಗಿಂತ ತುಸು ಮೇಲೆ, ಒಳಗೆ ಸುಮಾರು 100 ನ್ಯಾನೋಮೋಲಾರ್. (ಮೋಲಾರ್ ಎಂದರೆ ದ್ರಾವಣದ ಸಾಂದ್ರತೆಯ ಅಳತೆ. ಮಿಲಿ, ಮೈಕ್ರೋ, ನ್ಯಾನೋ ಹೀಗೆ ಒಂದೊಂದು ಹೆಜ್ಜೆಗೂ ಸಾವಿರ ಪಟ್ಟು ಕಮ್ಮಿ.) ನಡುವೆ ಇರುವ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ಅವೇ ಅಯಾನು ಚಾನೆಲ್‌ಗಳು. ಕೆರೆ ಏರಿಯಲ್ಲಿರುವ ತೂಬಿನ ಹಾಗೆ: ನೀರು ಯಾವಾಗಲೂ ಒತ್ತುತ್ತಲೇ ಇರುತ್ತದೆ, ತೂಬು ಎತ್ತಿದಷ್ಟೇ ಹರಿಯುತ್ತದೆ.

ಇಲ್ಲಿ ಮುಖ್ಯವಾದದ್ದು ಎಲ್-ಟೈಪ್ ಕ್ಯಾಲ್ಸಿಯಂ ಚಾನೆಲ್. ಪೊರೆಯ ವೋಲ್ಟೇಜ್ ಏರಿದಾಗ ಇದು ತೆರೆಯುತ್ತದೆ. ವಿರಾಮದಲ್ಲಿ ಈ ಸ್ನಾಯುಕೋಶದ ಒಳಗಿನ ವೋಲ್ಟೇಜ್ ಹೆಚ್ಚುಕಮ್ಮಿ ಮೈನಸ್ 50ರಿಂದ ಮೈನಸ್ 60 ಮಿಲಿವೋಲ್ಟ್. ಅದು ಮೈನಸ್ 40ರ ಕಡೆಗೆ ಸರಿದರೆ ಚಾನೆಲ್‌ಗಳು ತೆರೆಯಲು ಶುರು. ಕ್ಯಾಲ್ಸಿಯಂ ಒಳನುಗ್ಗಿ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಆ ಜೋಡಿ ಮಯೋಸಿನ್ ಲೈಟ್ ಚೈನ್ ಕೈನೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಮಯೋಸಿನ್‌ಗೆ ಫಾಸ್ಫೇಟ್ ಅಂಟುತ್ತದೆ, ಸ್ನಾಯು ಹಿಂಡುತ್ತದೆ.

ಇದಕ್ಕೆ ಎದುರು ನಿಲ್ಲುವುದು ಪೊಟ್ಯಾಸಿಯಂ ಚಾನೆಲ್‌ಗಳು. ಅವು ತೆರೆದರೆ ಪೊಟ್ಯಾಸಿಯಂ ಹೊರಹೋಗುತ್ತದೆ, ಒಳಗಿನ ವೋಲ್ಟೇಜ್ ಮತ್ತಷ್ಟು ಕೆಳಗಿಳಿಯುತ್ತದೆ, ಕ್ಯಾಲ್ಸಿಯಂ ಚಾನೆಲ್ ಮುಚ್ಚಿಕೊಳ್ಳುತ್ತದೆ. ಗರ್ಭಕೋಶದಲ್ಲಿ ಇವು ಹಲವು ಬಗೆ. ಎಲ್ಲರೂ ಮೊದಲು ಹೆಸರಿಸುವುದು ಬಿಕೆ ಚಾನೆಲ್. ಒಂದೇ ಚಾನೆಲ್‌ನಲ್ಲಿ ಹರಿಯುವ ಪ್ರಮಾಣ ತುಂಬಾ ದೊಡ್ಡದು, 200 ಪಿಕೋಸೀಮೆನ್ಸ್ (ವಿದ್ಯುತ್ತನ್ನು ಎಷ್ಟು ಹರಿಯಗೊಡುತ್ತದೆ ಎಂಬುದರ ಅಳತೆ) ದಾಟುತ್ತದೆ. ಜತೆಗೆ ಎಟಿಪಿಗೆ ಸ್ಪಂದಿಸುವ ಕೆಎಟಿಪಿ ಚಾನೆಲ್ ಇದೆ, ಕೆವಿ7 ಗುಂಪು ಇದೆ.

ಮುಟ್ಟಿನ ನೋವಿನಲ್ಲಿ ಆಗುವುದು ಇಷ್ಟು. ಗರ್ಭಕೋಶದ ಒಳಪದರ ಉದುರುವಾಗ ಪ್ರೋಸ್ಟಾಗ್ಲಾಂಡಿನ್‌ಗಳು ಬಿಡುಗಡೆಯಾಗುತ್ತವೆ. ಅದರಲ್ಲಿ ಎಫ್-2-ಆಲ್ಫಾ ಎಂಬುದು ಸ್ನಾಯುವನ್ನು ಜೋರಾಗಿ ಹಿಂಡಿಸುತ್ತದೆ. ಹಿಂಡಿದಾಗ ರಕ್ತನಾಳ ಒತ್ತಿಹೋಗಿ ಸ್ನಾಯುವಿಗೇ ಆಮ್ಲಜನಕ ಸಾಲದೆ ನೋವು. ಮೆಫೆನಾಮಿಕ್ ಆಸಿಡ್ ಈ ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತದೆ. ಚಾನೆಲ್‌ಗಳ ತಂಟೆಗೆ ನೇರವಾಗಿ ಹೋಗುವ ಔಷಧವೂ ಪ್ರಸೂತಿ ವಿಭಾಗದಲ್ಲಿ ಇದೆ. ಅವಧಿಗೆ ಮುಂಚೆ ಹೆರಿಗೆ ನೋವು ಬಂದಾಗ ಕೊಡುವ ನಿಫೆಡಿಪಿನ್ ಎಲ್-ಟೈಪ್ ಚಾನೆಲ್ ಮುಚ್ಚುವ ಮದ್ದೇ. ಹಾಗಾಗಿ ಚಾನೆಲ್ ಹಿಡಿದರೆ ಗರ್ಭಕೋಶ ಸಡಿಲವಾಗುತ್ತದೆ ಎಂಬ ಮಾತು ಬರೀ ಪುಸ್ತಕದ್ದಲ್ಲ.

ಸಸ್ಯದ ಈಸ್ಟ್ರೋಜನ್ ಎಲ್ಲಿ ಕೈ ಹಾಕುತ್ತದೆ

ಸೋಯಾದಲ್ಲಿರುವ ಮುಖ್ಯ ಐಸೋಫ್ಲೇವೋನ್‌ಗಳು ಜೆನಿಸ್ಟೀನ್ ಮತ್ತು ಡೈಡ್ಜೀನ್. ನಮ್ಮಲ್ಲಿ ಸೋಯಾ ಬೆಳೆಯುವುದು ಬೀದರ್, ಬೆಳಗಾವಿ, ಧಾರವಾಡದ ಕಡೆ. ಬೆಂಗಳೂರಿಗರ ತಟ್ಟೆಗೆ ಅದು ಬರುವುದು ಹೆಚ್ಚಾಗಿ ಪಲಾವಿನಲ್ಲಿ ಬೀಳುವ ಸೋಯಾ ಚಂಕ್ಸ್ ಆಗಿ. ಅಗಸೆ ಚಟ್ನಿಪುಡಿ ತಿನ್ನುವವರಿಗೆ ಬೇರೆ ಜಾತಿಯ ಸಸ್ಯ ಈಸ್ಟ್ರೋಜನ್ ಸಿಗುತ್ತದೆ, ಲಿಗ್ನಾನ್. ಅದನ್ನು ಕರುಳಿನ ಬ್ಯಾಕ್ಟೀರಿಯಾ ಎಂಟೆರೋಲ್ಯಾಕ್ಟೋನ್ ಮಾಡಿಕೊಡುತ್ತವೆ. ಈ ಪ್ರಕರಣದಲ್ಲಿ ಅಗಸೆ ಇಲ್ಲ, ಹಾಗಾಗಿ ಅದನ್ನು ಇಲ್ಲಿಗೇ ಬಿಡೋಣ.

ಜೆನಿಸ್ಟೀನ್‌ಗೆ ಎರಡು ಮುಖ. ಒಂದು, ಅದು ಈಸ್ಟ್ರೋಜನ್ ಗ್ರಾಹಕಕ್ಕೆ, ಅಂದರೆ ಆ ಹಾರ್ಮೋನನ್ನು ಹಿಡಿದುಕೊಳ್ಳುವ ಕೋಶದ ಪ್ರೋಟೀನಿಗೆ, ಅಂಟುತ್ತದೆ. ಅದರಲ್ಲೂ 1996ರಲ್ಲಿ ಪತ್ತೆಯಾದ ಬೀಟಾ ಗ್ರಾಹಕಕ್ಕೆ, ಆಲ್ಫಾಗಿಂತ ಎಷ್ಟೋ ಗಟ್ಟಿಯಾಗಿ. ಇನ್ನೊಂದು, ಅದು ಟೈರೋಸಿನ್ ಕೈನೇಸ್ ಎಂಬ ಕಿಣ್ವಗಳನ್ನು ತಡೆಯುತ್ತದೆ. ಈ ಗುಣ 1987ರಲ್ಲಿ ಜಪಾನಿನ ಸಂಶೋಧಕರಿಂದ ಗೊತ್ತಾಯಿತು. ಆಮೇಲೆ ಜೆನಿಸ್ಟೀನ್ ಪ್ರಯೋಗಾಲಯಗಳಲ್ಲಿ ಬಾಟಲಿಯಲ್ಲಿ ಸಿಗುವ ಮಾಮೂಲಿ ಉಪಕರಣವೇ ಆಗಿಹೋಯಿತು. ಕೈನೇಸ್ ತಡೆಯಬೇಕಾ, ಜೆನಿಸ್ಟೀನ್ ಹಾಕು. ಡೈಡ್ಜೀನ್ ರಚನೆಯಲ್ಲಿ ಅದರ ತಮ್ಮನಂತಿದ್ದರೂ ಕೈನೇಸ್ ತಡೆಯುವುದಿಲ್ಲ. ಅದಕ್ಕೇ ಹೋಲಿಕೆಗೆ ಡೈಡ್ಜೀನ್ ಹಾಕಿ ನೋಡುತ್ತಾರೆ. ಎರಡೂ ಒಂದೇ ಕೆಲಸ ಮಾಡಿದರೆ ಕಾರಣ ಕೈನೇಸ್ ಅಲ್ಲ ಅಂತ ಲೆಕ್ಕ.

1995ರಲ್ಲಿ ಕುಸಾಕ ಮತ್ತು ಸ್ಪೆರೆಲಾಕಿಸ್ ಗರ್ಭಿಣಿ ಇಲಿಯ ಗರ್ಭಕೋಶದ ಸ್ನಾಯುಕೋಶಗಳನ್ನು ತೆಗೆದುಕೊಂಡು ನೋಡಿದರು. ಜೆನಿಸ್ಟೀನ್ ಹಾಕಿದಾಗ ಎಲ್-ಟೈಪ್ ಕ್ಯಾಲ್ಸಿಯಂ ಪ್ರವಾಹ ಕುಗ್ಗಿತು. ಪಾಂಪ್ಲೆಟ್‌ನ ಮೊದಲರ್ಧ ಇಲ್ಲಿಂದಲೇ ಬಂದಿರಬಹುದು. ಮರುವರ್ಷ ಅದೇ ಜೋಡಿ ಗರ್ಭಕೋಶದ ಕ್ಯಾನ್ಸರ್ ಗಡ್ಡೆಯಿಂದ ಬೆಳೆಸಿದ ಕೋಶಗಳಲ್ಲಿ ಸೋಡಿಯಂ ಪ್ರವಾಹವನ್ನು ಅಳೆಯಿತು. ಅದೂ ಕುಗ್ಗಿತು, ಆದರೆ ಕೈನೇಸ್ ತಡೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಕಂಡುಬಂತು. ನನಗೆ ಈ ಎರಡನೇ ಫಲಿತಾಂಶವೇ ಹೆಚ್ಚು ಇಷ್ಟ. ಒಂದೇ ಅಣು, ಒಂದೇ ಅಂಗದ ಕೋಶಗಳು, ಆದರೂ ಎರಡು ಚಾನೆಲ್‌ಗಳ ಕಥೆ ಒಂದೇ ಸೂತ್ರಕ್ಕೆ ಸಿಗಲಿಲ್ಲ. ಪಾಂಪ್ಲೆಟ್ ಬರೆಯುವವರು ಇಂಥವನ್ನು ಮುಟ್ಟುವುದಿಲ್ಲ.

ಪೊಟ್ಯಾಸಿಯಂ ಕಡೆಯ ಕಥೆ ಬೇರೆ. 1999ರಲ್ಲಿ ವಾಲ್ವರ್ಡೆ ಮತ್ತು ಸಂಗಡಿಗರು ನಮ್ಮ ದೇಹದ್ದೇ ಈಸ್ಟ್ರಡಯಾಲ್ ಬಿಕೆ ಚಾನೆಲ್‌ನ ಬೀಟಾ-1 ಎಂಬ ಸಹಾಯಕ ಭಾಗಕ್ಕೆ ನೇರವಾಗಿ ಅಂಟಿ ಚಾನೆಲ್ ತೆರೆಸುತ್ತದೆ ಎಂದು ತೋರಿಸಿದರು. ಜೀನ್‌ಗಳನ್ನು ಎಬ್ಬಿಸುವುದು ಬೇಡ, ಗಂಟೆಗಟ್ಟಲೆ ಕಾಯುವುದು ಬೇಡ. ಹಾಗಿದ್ದರೆ ಸಸ್ಯದ ಈಸ್ಟ್ರೋಜನ್ ಕೂಡ ಮಾಡಬಹುದಲ್ವಾ ಎಂಬ ಪ್ರಶ್ನೆ ತಾನಾಗೇ ಎದ್ದಿತು. ರಕ್ತನಾಳದ ಸ್ನಾಯುವಿನಲ್ಲಿ ಡೈಡ್ಜೀನ್, ಜೆನಿಸ್ಟೀನ್ ಎರಡರ ಸಡಿಲಿಕೆಯಲ್ಲೂ ಬಿಕೆ ಚಾನೆಲ್‌ನ ಪಾತ್ರ ಕಂಡುಬಂದ ವರದಿಗಳು ಬಂದವು. ಆದರೆ 1999ರ ಪ್ರಯೋಗದಲ್ಲಿ ಬೇಕಾದ ಈಸ್ಟ್ರಡಯಾಲ್ ಮೈಕ್ರೋಮೋಲಾರ್ ಮಟ್ಟದ್ದು. ಮುಟ್ಟಾಗುವ ಹೆಣ್ಣಿನ ರಕ್ತದಲ್ಲಿ ಅದು ಒಂದು ನ್ಯಾನೋಮೋಲಾರ್ ಆಚೀಚೆ. ಈ ಅಂತರ ನೆನಪಿರಲಿ, ಇಡೀ ಪ್ರಕರಣ ನಿಂತಿರುವುದು ಇದರ ಮೇಲೆ.

ಗಾಜಿನ ತೊಟ್ಟಿ

ಯಾವ ಚಾನೆಲ್ ಎಂದು ಗೊತ್ತು ಮಾಡುವುದು ಹೇಗೆ ಅಂತ ಅಕ್ಕ ಕೇಳಿದರು. ತಂಗಿ ಕರೆದುಕೊಂಡು ಹೋಗಿ ಲ್ಯಾಬ್ ತೋರಿಸಿದಳು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಪಾಂಪ್ಲೆಟ್‌ನ ಸಾಲು ಹುಟ್ಟುವುದು ಇಂಥ ಮೇಜಿನ ಮೇಲೆ.

ನಮ್ಮ ಕಾಲದಲ್ಲಿ ಬಿ.ಫಾರ್ಮ್ ಓದಿದವರಿಗೆಲ್ಲ ಇಲಿಯ ಗರ್ಭಕೋಶದ ಪ್ರಯೋಗ ಗೊತ್ತು. ಗಾಜಿನ ಕೊಳವೆಯಂಥ ಪುಟ್ಟ ತೊಟ್ಟಿ, ಸುತ್ತ ಬಿಸಿನೀರಿನ ಹೊದಿಕೆ, ಒಳಗೆ ಡಿ ಜಲೋನ್ ದ್ರಾವಣ. ಅದರಲ್ಲಿ ಬೇಕೆಂದೇ ಕ್ಯಾಲ್ಸಿಯಂ ಕಮ್ಮಿ ಇಟ್ಟಿರುತ್ತಾರೆ. ಇಲ್ಲವಾದರೆ ಗರ್ಭಕೋಶ ಯಾರೂ ಕೇಳದೆಯೇ ತನ್ನಷ್ಟಕ್ಕೆ ಹಿಂಡುತ್ತಾ ಕೂರುತ್ತದೆ, ಗರ್ಭಕೋಶ ಹಿಂಡಿಸುವ ಹಾರ್ಮೋನ್ ಆಕ್ಸಿಟೋಸಿನ್ ಹಾಕಿದ್ದರಿಂದ ಹಿಂಡಿತಾ ಸುಮ್ನೆ ಹಿಂಡಿತಾ ತಿಳಿಯುವುದಿಲ್ಲ. ಉಷ್ಣತೆಯನ್ನೂ 37 ಡಿಗ್ರಿಗೆ ಬದಲು 30ರ ಆಸುಪಾಸಿನಲ್ಲಿ ಇಡುವುದು ಅದಕ್ಕೇ. ಹೊಗೆ ಹಿಡಿಸಿದ ಕಾಗದ ಸುತ್ತಿದ ಡ್ರಮ್ ನಿಧಾನ ತಿರುಗುತ್ತಿತ್ತು. ಲಿವರ್‌ನ ತುದಿ ಮಸಿ ಕೆರೆದು ಬಿಳಿ ಗೆರೆ ಎಳೆಯುತ್ತಿತ್ತು. ಪ್ರಾಕ್ಟಿಕಲ್ ಮುಗಿದು ಕಾಗದ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸುವಷ್ಟರಲ್ಲಿ ಎಲ್ಲರ ಅಂಗಿ ತೋಳು ಕಪ್ಪು. ಈಗಿನ ಹುಡುಗರು ಇದನ್ನು ಹೆಚ್ಚಾಗಿ ಕಂಪ್ಯೂಟರ್ ಪರದೆಯ ಮೇಲೆ ಮಾಡುತ್ತಾರೆ. ಪ್ರಾಣಿ ಬಳಕೆ ಕಮ್ಮಿಯಾದದ್ದು ಒಳ್ಳೆಯದೇ. ಸಂಶೋಧನೆಗೆ ಮಾತ್ರ ಸಮಿತಿಯ ಅನುಮತಿ ಪಡೆದು, ಹಿಂಡುವ ಬಲ ಅಳೆಯುವ ಫೋರ್ಸ್ ಟ್ರಾನ್ಸ್‌ಡ್ಯೂಸರ್ ಜೋಡಿಸಿದ ತೊಟ್ಟಿ ಬಳಸುತ್ತೇವೆ.

ಚಾನೆಲ್ ಗುರುತಿಸುವ ಜಾಣತನ ಇರುವುದು ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ. ತೊಟ್ಟಿಗೆ 20–25 ಮಿಲಿಮೋಲಾರ್ ಪೊಟ್ಯಾಸಿಯಂ ಹಾಕಿದರೆ ಸ್ನಾಯು ಹಿಂಡುತ್ತದೆ. ಆಗ ಪೊಟ್ಯಾಸಿಯಂ ಚಾನೆಲ್ ತೆರೆಯುವ ಮದ್ದು ಹಾಕಿದರೆ ಸಡಿಲವಾಗುತ್ತದೆ. ಅದೇ 80 ಮಿಲಿಮೋಲಾರ್ ಹಾಕಿ ನೋಡಿ. ಹೊರಗೇ ಅಷ್ಟೊಂದು ಪೊಟ್ಯಾಸಿಯಂ ಇರುವಾಗ ಎಷ್ಟು ಚಾನೆಲ್ ತೆರೆದರೂ ಒಳಗಿನ ವೋಲ್ಟೇಜ್ ಕೆಳಗಿಳಿಯುವುದಿಲ್ಲ. ಪೊಟ್ಯಾಸಿಯಂ ಚಾನೆಲ್ ತೆರೆಯುವ ಮದ್ದು ಅಲ್ಲಿ ಕೈಚೆಲ್ಲುತ್ತದೆ. ನಿಫೆಡಿಪಿನ್‌ನಂತೆ ಕ್ಯಾಲ್ಸಿಯಂ ಚಾನೆಲ್ ಮುಚ್ಚುವುದು ಮಾತ್ರ ಎರಡೂ ಕಡೆ ಗೆಲ್ಲುತ್ತದೆ. ಜೆನಿಸ್ಟೀನ್ ಜಾಸ್ತಿ ಪೊಟ್ಯಾಸಿಯಂ ಇರುವಲ್ಲೂ ಸಡಿಲಿಸಿದರೆ, ಬಿಕೆ ಚಾನೆಲ್ ಒಂದೇ ಕಾರಣ ಎಂಬ ವಾದ ಅಲ್ಲಿಗೇ ಮುಗಿಯಿತು.

ಇನ್ನೊಂದು ದಾರಿ ವಿಷಗಳದ್ದು. ಬಿಕೆ ಚಾನೆಲ್‌ಗೆ ಬೀಗ ಹಾಕುವ ಐಬೀರಿಯೋಟಾಕ್ಸಿನ್ ಬರುವುದು ಭಾರತದ ಕೆಂಪು ಚೇಳಿನ ವಿಷದಿಂದ. ಕೊಂಕಣ, ಮರಾಠವಾಡ, ನಮ್ಮ ಉತ್ತರ ಕರ್ನಾಟಕದ ಕಲ್ಲು ಸಂದಿಗಳಲ್ಲಿ ಇರುತ್ತದಲ್ಲ, ಅದೇ ಚೇಳು. ಕಚ್ಚಿದರೆ ಹೃದಯಕ್ಕೆ ಆಪತ್ತು ತರುವ ಚೇಳು. ಅದರ ವಿಷದ ಒಂದು ತುಣುಕು ಈಗ ಪುಟ್ಟ ಬಾಟಲಿಯಲ್ಲಿ, ಭಾರೀ ಬೆಲೆಗೆ, ಫ್ರೀಜರ್‌ಗೆ ಬರುತ್ತದೆ. ಅದನ್ನು ಹಾಕಿದ ಮೇಲೂ ಸಡಿಲಿಕೆ ಆದರೆ ಬಿಕೆ ಅಲ್ಲ. ಕೆಎಟಿಪಿಗೆ ಗ್ಲಿಬೆನ್‌ಕ್ಲಮೈಡ್ ಹಾಕಿ ನೋಡಬಹುದು, ಸಕ್ಕರೆ ಕಾಯಿಲೆಯ ಅದೇ ಹಳೇ ಮಾತ್ರೆ. ಈಸ್ಟ್ರೋಜನ್ ಗ್ರಾಹಕದ ಪಾತ್ರ ನೋಡಲು ಅದನ್ನು ತಡೆಯುವ ಫುಲ್ವೆಸ್ಟ್ರಂಟ್.

ಇಲ್ಲಿ ಒಂದು ತಮಾಷೆ ಇದೆ. ಈ ಪ್ರಯೋಗಕ್ಕೆ ಇಲಿಯನ್ನು ಹಿಂದಿನ ದಿನವೇ ಸ್ಟಿಲ್ಬೆಸ್ಟ್ರಾಲ್ ಚುಚ್ಚಿ ತಯಾರು ಮಾಡಿರುತ್ತಾರೆ. ಅದೂ ಈಸ್ಟ್ರೋಜನ್ ಕೆಲಸವನ್ನೇ ಮಾಡುವ ಕೃತಕ ಅಣು. ಸಾಲದ್ದಕ್ಕೆ ಪ್ರಯೋಗಾಲಯದ ಇಲಿಗೆ ಹಾಕುವ ಮಾಮೂಲಿ ಉಂಡೆಯಲ್ಲಿ ಸೋಯಾ ಹಿಂಡಿ ಇರುತ್ತದೆ. ಇಲಿಯ ಕರುಳಿನ ಬ್ಯಾಕ್ಟೀರಿಯಾ ಡೈಡ್ಜೀನನ್ನು ಈಕ್ವಾಲ್ ಎಂಬ ಇನ್ನೊಂದು ಈಸ್ಟ್ರೋಜನ್‌ನಂಥ ಅಣು ಮಾಡುವುದರಲ್ಲಿ ನಿಸ್ಸೀಮ. ಅಂದರೆ ಸಸ್ಯ ಈಸ್ಟ್ರೋಜನ್ ಇಲ್ಲದ ಹೋಲಿಕೆಯ ಗುಂಪು ಅಂತ ನಾವು ಕರೆಯುವ ಇಲಿಯ ಮೈಯಲ್ಲೂ ಅದು ಹುಟ್ಟಿದಾಗಿನಿಂದ ಇದೆ. ಆಹಾರದ ವಿವರ ಬರೆಯದ ಪೇಪರ್‌ಗಳನ್ನು ನಾನು ಅರ್ಧ ನಂಬಿಕೆಯಿಂದಲೇ ಓದುತ್ತೇನೆ.

ಲೆಕ್ಕ

ಈಗ ಆಕೆಯ ಕ್ಯಾಪ್ಸೂಲ್‌ಗೆ ಬರೋಣ. ಲೇಬಲ್ ಮೇಲಿನ 80 ಮಿಲಿಗ್ರಾಂ ಸಕ್ಕರೆ ಅಂಟಿದ ರೂಪದ ತೂಕ ಆಗಿದ್ದರೆ, ಆ ಸಕ್ಕರೆ ಕಳೆದು ಉಳಿಯುವುದು ಸುಮಾರು 50. ಅದರಲ್ಲಿ ಅರ್ಧ ಜೆನಿಸ್ಟೀನ್ ಎಂದಿಟ್ಟುಕೊಳ್ಳಿ. ಇಷ್ಟು ನುಂಗಿದರೆ ರಕ್ತದಲ್ಲಿ ಒಟ್ಟು ಜೆನಿಸ್ಟೀನ್ ಅತಿ ಹೆಚ್ಚೆಂದರೆ ಒಂದು ಮೈಕ್ರೋಮೋಲಾರ್ ಆಚೀಚೆ ಮುಟ್ಟುತ್ತದೆ. ಆದರೆ ಕರುಳು, ಯಕೃತ್ತು ಎರಡೂ ಸೇರಿ ಅದರ ಬಹುಪಾಲಿಗೆ ಗ್ಲುಕುರೋನೈಡ್, ಸಲ್ಫೇಟ್ ಅಂಟಿಸಿ ಕಟ್ಟಿಹಾಕಿರುತ್ತವೆ. ಬಿಡಿಯಾಗಿ ಓಡಾಡುವುದು ನೂರಕ್ಕೆ ಐದಕ್ಕಿಂತ ಕಮ್ಮಿ. ಅಂದರೆ 50 ನ್ಯಾನೋಮೋಲಾರ್ ಒಳಗೆ.

ತೊಟ್ಟಿಯಲ್ಲಿ ಗರ್ಭಕೋಶ ಸಡಿಲವಾಗಲು ಸಾಮಾನ್ಯವಾಗಿ ಹಾಕುವುದು 10ರಿಂದ 100 ಮೈಕ್ರೋಮೋಲಾರ್. ಭಾಗಿಸಿ ನೋಡಿ. 200 ಪಟ್ಟಿನಿಂದ 2000 ಪಟ್ಟು ಅಂತರ.

ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಆಕೆ ಹೇಳಿದ್ದು: ‘ಹಾಗಾದ್ರೆ ಇನ್ನೂ ಜಾಸ್ತಿ ತಗೊಂಡ್ರೆ?’ ಎಲ್ಲರೂ ಕೇಳುವ ಪ್ರಶ್ನೆ ಇದು. ದಿನಕ್ಕೆ ಒಂದು ಕ್ಯಾಪ್ಸೂಲಿಗೆ ಬದಲು ಇನ್ನೂರು ನುಂಗುವುದು ಸಾಧ್ಯವಿಲ್ಲ. ನುಂಗಿದರೂ ಜೆನಿಸ್ಟೀನ್ ಗರ್ಭಕೋಶಕ್ಕೆ ಮಾತ್ರ ಹೋಗುವುದಿಲ್ಲ. ಆ ಮಟ್ಟದಲ್ಲಿ ಅದು ಹೃದಯದ ಚಾನೆಲ್ಲೂ ಹಿಡಿಯುತ್ತದೆ, ಸಿಕ್ಕ ಕೈನೇಸ್‌ಗಳನ್ನೂ ಹಿಡಿಯುತ್ತದೆ.

ಪ್ರಮಾಣ ನಿಜವಾಗಿ ಏರಿದಾಗ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಕುರಿಗಳ ಕಥೆ ಇದೆ. 1940ರ ದಶಕದಲ್ಲಿ ಅಲ್ಲಿ ಸಬ್‌ಟೆರೇನಿಯನ್ ಕ್ಲೋವರ್ ಎಂಬ ಮೇವು ಹುಲುಸಾಗಿ ಬೆಳೆದ ಹೊಲಗಳಲ್ಲಿ ಕುರಿಗಳು ಗಬ್ಬ ಕಟ್ಟದಾದವು. ಕಟ್ಟಿದರೂ ಹೆರಿಗೆ ಕಷ್ಟ, ಗರ್ಭಕೋಶ ಹೊರಬರುವುದು. 1946ರಲ್ಲಿ ಬೆನೆಟ್ಸ್ ಮತ್ತು ಜತೆಗಾರರು ಇದನ್ನು ದಾಖಲಿಸಿದರು. ಮೇವಿನಲ್ಲಿದ್ದ ಫಾರ್ಮೋನೋನೆಟಿನ್ ಕುರಿಯ ಮೊದಲ ಹೊಟ್ಟೆಯಲ್ಲಿ ಈಕ್ವಾಲ್ ಆಗುತ್ತಿತ್ತು ಎಂದು ಆಮೇಲೆ ತಿಳಿಯಿತು. ಆ ಕುರಿಗಳಿಗೆ ಅದೇ ಊಟ, ಬೆಳಗಿನಿಂದ ಸಂಜೆವರೆಗೆ, ತಿಂಗಳುಗಟ್ಟಲೆ. ಆಕೆಯದು ಒಂದು ಕ್ಯಾಪ್ಸೂಲ್, ಒಂದು ಲೋಟ ಹಾಲು. ಈ ಕುರಿ ಕಥೆಯನ್ನು ಹಿಡಿದು ಸೋಯಾ ತಿಂದರೆ ಬಂಜೆತನ ಎಂದು ವಾಟ್ಸಾಪ್‌ನಲ್ಲಿ ಹರಡುವವರೂ, ಇಲಿಯ ತೊಟ್ಟಿ ಹಿಡಿದು ಕ್ಯಾಪ್ಸೂಲ್ ಮಾರುವವರೂ ಒಂದೇ ಕಡೆ ಎಡವುತ್ತಾರೆ. ಎಷ್ಟು ಎಂದು ಇಬ್ಬರೂ ಕೇಳುವುದಿಲ್ಲ.

ತಂಗಿ ಇಲ್ಲಿ ಒಂದು ಒಳ್ಳೆಯ ತಕರಾರು ತೆಗೆದಳು. ಚಾನೆಲ್ ಹಿಡಿಯಲು ಮೈಕ್ರೋಮೋಲಾರ್ ಬೇಕು, ಸರಿ. ಬೀಟಾ ಗ್ರಾಹಕಕ್ಕೆ ಅಂಟಲು ನ್ಯಾನೋಮೋಲಾರ್ ಸಾಕಲ್ವಾ ಸರ್? ಸಾಕು. ಹಾಗಾದರೆ ನಿಧಾನದ ದಾರಿ ತೆರೆದೇ ಇದೆ. ಈಸ್ಟ್ರೋಜನ್ ಗ್ರಾಹಕ ಎದ್ದರೆ ಜೀನ್‌ಗಳ ಓದು ಬದಲಾಗುತ್ತದೆ. ಗರ್ಭಕೋಶದಲ್ಲಿ ಈಸ್ಟ್ರೋಜನ್ ಆಕ್ಸಿಟೋಸಿನ್ ಗ್ರಾಹಕಗಳನ್ನೂ, ಕೋಶಕೋಶಗಳ ನಡುವೆ ಸಂಪರ್ಕ ಕಟ್ಟುವ ಕನೆಕ್ಸಿನ್-43ನ್ನೂ ಹೆಚ್ಚಿಸುತ್ತದೆ. ಕೆಲವು ಚಾನೆಲ್‌ಗಳ ಸಂಖ್ಯೆಯನ್ನೂ ಏರಿಸಿ ಇಳಿಸುತ್ತದೆ. ಗಮನಿಸಿ, ಆಕ್ಸಿಟೋಸಿನ್ ಗ್ರಾಹಕ, ಕನೆಕ್ಸಿನ್ ಎರಡೂ ಹಿಂಡುವ ಕಡೆಯವು. ಅಂದರೆ ಸಸ್ಯ ಈಸ್ಟ್ರೋಜನ್ ಈ ದಾರಿಯಲ್ಲಿ ಏನಾದರೂ ಮಾಡಿದರೆ ಅದು ಸಡಿಲಿಕೆಯೇ ಆಗಬೇಕೆಂದು ಯಾರೂ ಬರೆದುಕೊಟ್ಟಿಲ್ಲ. ಕಟ್ಟಿಹಾಕಿದ ಜೆನಿಸ್ಟೀನನ್ನು ಅಂಗಾಂಶದೊಳಗೆ ಕಿಣ್ವಗಳು ಮತ್ತೆ ಬಿಚ್ಚಬಹುದು ಎಂಬ ವಾದವೂ ಇದೆ, ತಳ್ಳಿಹಾಕುವಂಥದ್ದಲ್ಲ. ಆದರೆ ಇನ್ನೂರು ಪಟ್ಟಿನ ಅಂತರ ಅದೊಂದರಿಂದಲೇ ತುಂಬುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಹೀಗೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಪಾಂಪ್ಲೆಟ್‌ನ ಸಾಲು ತೊಟ್ಟಿಯಲ್ಲಿ ನಿಜ, ಆಕೆಯ ರಕ್ತದಲ್ಲಿ ಅಲ್ಲ. ಉಳಿದದ್ದು ಇನ್ನೊಂದು ಪ್ರಶ್ನೆ. ಕೆಲಸ ಮಾಡದ ಕ್ಯಾಪ್ಸೂಲ್ ಸುಮ್ಮನಿರಬೇಕಿತ್ತು. ರಕ್ತಸ್ರಾವ ಯಾಕೆ ಜಾಸ್ತಿಯಾಯಿತು?

‘ಅದು ಬಿಡಿ’

ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ.

‘ಥೈರಾಯ್ಡ್‌ದು ಒಂದಿದೆ. ಅದು ಬಿಡಿ, ಕಾಲೇಜಿನಿಂದ ಇದೆ.’

ಲೆವೊಥೈರಾಕ್ಸಿನ್, ಥೈರಾಯ್ಡ್ ಹಾರ್ಮೋನಿನ ಕೊರತೆ ತುಂಬುವ ಮಾತ್ರೆ. ಬೆಂಗಳೂರಿನಲ್ಲಿ ಎಷ್ಟೋ ಮನೆಗಳ ಫ್ರಿಜ್ ಮೇಲೆ ಇದರ ಡಬ್ಬಿ ಇರುತ್ತದೆ. ಇದೆ ಎಂಬುದೇ ಮರೆತುಹೋಗಿರುತ್ತದೆ. ಎಷ್ಟು ಹೊತ್ತಿಗೆ, ಯಾವುದರ ಜತೆ ತೆಗೆದುಕೊಳ್ಳುತ್ತೀರಿ ಎಂದೆ. ಮೊದಲು ಏಳುತ್ತಲೇ ನೀರಿನ ಜತೆ ನುಂಗಿ, ಸ್ನಾನ ಮುಗಿಸಿ ಕಾಫಿ ಕುಡಿಯುತ್ತಿದ್ದರಂತೆ. ಆಗ ಕೆಲಸ ಮನೆಯಿಂದಲೇ. ಈ ವರ್ಷ ಆಫೀಸಿಗೆ ಹೋಗಬೇಕೆಂದಾಯಿತು. ನೇರಳೆ ಮಾರ್ಗದಲ್ಲಿ ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ರೈಲು ಬದಲಿಸುವ ತಾಪತ್ರಯವಿಲ್ಲ, ಆದರೂ ದೂರ ದೂರವೇ. ಬೆಳಗ್ಗೆ ಪುರುಸೊತ್ತಿಲ್ಲ. ಹಾಗಾಗಿ ಸೋಯಾ ಹಾಲಿನ ಕಾಫಿ ಒಂದು ಮಗ್, ಅದರ ಜತೆಗೇ ಥೈರಾಯ್ಡ್ ಮಾತ್ರೆ, ಐಸೋಫ್ಲೇವೋನ್ ಕ್ಯಾಪ್ಸೂಲ್. ಎಲ್ಲಾ ಒಟ್ಟಿಗೆ. ಹಾಲಿನ ಪೊಟ್ಟಣ ತರಿಸಿ ನೋಡಿದೆವು. ಕ್ಯಾಲ್ಸಿಯಂ ಸೇರಿಸಿದ್ದು, 100 ಮಿಲಿಲೀಟರ್‌ಗೆ 120 ಮಿಲಿಗ್ರಾಂ, ಹಸುವಿನ ಹಾಲಿಗೆ ಸಮವಾಗಿ.

ಲೆವೊಥೈರಾಕ್ಸಿನ್ ತುಂಬಾ ನಾಜೂಕಿನ ಔಷಧ. ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜತೆ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ ಅದನ್ನು ಕರುಳಿನಲ್ಲೇ ಹಿಡಿದಿಡುತ್ತದೆ, ಅದಕ್ಕೇ ನಾಲ್ಕು ಗಂಟೆ ಅಂತರ ಇಡಲು ಹೇಳುವುದು. ಕಾಫಿ ಹೀರುವಿಕೆಯನ್ನು ಕಮ್ಮಿ ಮಾಡುತ್ತದೆ. ಸೋಯಾ ಆಹಾರವೂ ಹಾಗೇ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುವ ಮಕ್ಕಳಿಗೆ ಸೋಯಾ ಆಧಾರಿತ ಹಾಲಿನ ಪುಡಿ ಕೊಟ್ಟಾಗ ಮಾತ್ರೆಯ ಪ್ರಮಾಣ ಏರಿಸಬೇಕಾಗಿ ಬಂದದ್ದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತು. ಆಕೆಯ ಒಂದು ಮಗ್‌ನಲ್ಲಿ ಮೂರೂ ಇದ್ದವು.

ತಮ್ಮ ಡಾಕ್ಟರನ್ನು ಕಂಡು ಟಿಎಸ್‌ಎಚ್ ಪರೀಕ್ಷೆ ಮಾಡಿಸಿ ಎಂದು ಕಳಿಸಿದೆ. ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದರೆ ಈ ಅಂಕಿ ಏರುತ್ತದೆ. ಕಳೆದ ವರ್ಷದ ರಿಪೋರ್ಟ್‌ನಲ್ಲಿ ಮಿತಿಯೊಳಗಿದ್ದ ಅಂಕಿ ಈಗ ಎರಡಂಕಿ ದಾಟಿತ್ತು. ಹಿಮೋಗ್ಲೋಬಿನ್ ಕೂಡ ಇಳಿದಿತ್ತು. ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದಾಗ ಅಂಡ ಬಿಡುಗಡೆ ಏರುಪೇರಾಗುತ್ತದೆ, ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳೂ ಕುಸಿಯುತ್ತವೆ. ಹೆಚ್ಚು ಸ್ರಾವ ಅದರ ಹಳೆಯ ಗುರುತು. ಗಡ್ಡೆ ಹೊರತಳ್ಳಲು ಗರ್ಭಕೋಶ ಇನ್ನೂ ಜೋರಾಗಿ ಹಿಂಡಬೇಕು. ಸುಸ್ತಿಗೆ ಥೈರಾಯ್ಡ್ ಒಂದು ಕಾರಣ, ರಕ್ತಹೀನತೆ ಇನ್ನೊಂದು.

ಇದರಲ್ಲಿ ಸೋಯಾದ ಪಾಲೆಷ್ಟು, ಕ್ಯಾಲ್ಸಿಯಂ ಪಾಲೆಷ್ಟು, ಕಾಫಿಯದೆಷ್ಟು ಎಂದು ಬೇರ್ಪಡಿಸಲು ಈ ಒಂದು ಪ್ರಕರಣದಿಂದ ಆಗುವುದಿಲ್ಲ. ಮಾತ್ರೆಯ ಜತೆಗೆ ಮೂರೂ ಸೇರಿದ್ದು ಒಂದೇ ವಾರದಲ್ಲಿ. ಒಂದು ಮಾತು ಮಾತ್ರ ಹೇಳಬಹುದು: ಅನುಮಾನ ಐಸೋಫ್ಲೇವೋನ್ ಮೇಲೆ ಕಮ್ಮಿ, ಅದನ್ನು ಹೊತ್ತು ತಂದ ಹಾಲು ಮತ್ತು ಹೊತ್ತಿನ ಮೇಲೆ ಜಾಸ್ತಿ. ಮಾತ್ರೆ ನುಂಗಿ ಆರು ಗಂಟೆ ಬಿಟ್ಟು ಐಸೋಫ್ಲೇವೋನ್ ಕೊಟ್ಟಾಗ ಹೀರುವಿಕೆ ಬದಲಾಗದ ಉದಾಹರಣೆ ಇದೆ.

ಏನು ಮಾಡಿದರು

ಡಾಕ್ಟರ್ ಲೆವೊಥೈರಾಕ್ಸಿನ್ ಪ್ರಮಾಣ ಬದಲಿಸಲಿಲ್ಲ. ಹೊತ್ತು ಬದಲಿಸಿದರು. ಎದ್ದ ಕೂಡಲೇ ನೀರಿನ ಜತೆ ಮಾತ್ರೆ, ಬಳಿಕ ಮುಕ್ಕಾಲು ಗಂಟೆ ಏನೂ ಇಲ್ಲ. ಕಾಫಿಯನ್ನು ಆಫೀಸಿಗೆ ದಾಟಿಸಿದರು. ಸೋಯಾ ಹಾಲು ಬೇಕಾದರೆ ಮಧ್ಯಾಹ್ನದ ಮೇಲೆ. ಇದು ನನಗೆ ಸರಿ ಅನ್ನಿಸಿತು. ಹೀರುವಿಕೆ ಸರಿಮಾಡದೆ ಪ್ರಮಾಣ ಏರಿಸಿದ್ದರೆ, ಮುಂದೆ ಆಕೆ ಸೋಯಾ ಬಿಟ್ಟ ಮೇಲೆ ಮಾತ್ರೆ ಹೆಚ್ಚಾಗಿ ಎದೆಬಡಿತ ಶುರುವಾಗಬಹುದಿತ್ತು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಬರೆದರು. ಅದೂ ಲೆವೊಥೈರಾಕ್ಸಿನ್ ಹಿಡಿದಿಡುವ ಪೈಕಿಯೇ, ಹಾಗಾಗಿ ರಾತ್ರಿಗೆ. ಕ್ಯಾಪ್ಸೂಲ್ ಆಕೆಯೇ ನಿಲ್ಲಿಸಿದರು.

ಲೆವೊಥೈರಾಕ್ಸಿನ್ ಅರ್ಧಾಯುಷ್ಯ ಸುಮಾರು ಏಳು ದಿನ. ಟಿಎಸ್‌ಎಚ್ ನೆಲೆ ನಿಲ್ಲಲು ಆರರಿಂದ ಎಂಟು ವಾರ ಬೇಕು. ಅಷ್ಟು ಕಾದು ಮತ್ತೆ ಪರೀಕ್ಷೆ ಮಾಡಿದಾಗ ಅಂಕಿ ಮಿತಿಯ ಹತ್ತಿರ ಇಳಿದಿತ್ತು. ಸ್ರಾವ ಕಮ್ಮಿಯಾಯಿತು, ಗಡ್ಡೆ ನಿಂತವು. ಮೊದಲ ದಿನದ ನೋವು ಮಾತ್ರ ಹಾಗೇ ಇತ್ತು, ಹೈಸ್ಕೂಲಿನಿಂದ ಬಂದದ್ದು. ಸ್ತ್ರೀರೋಗ ತಜ್ಞೆ ಸ್ಕ್ಯಾನ್ ಮಾಡಿಸಿದರು, ಅದರಲ್ಲಿ ಗರ್ಭಕೋಶದ ಗಡ್ಡೆ (ಫೈಬ್ರಾಯ್ಡ್), ಎಂಡೋಮೆಟ್ರಿಯೋಸಿಸ್ (ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದು) ಯಾವುದೂ ಕಾಣಲಿಲ್ಲ. ಸ್ಕ್ಯಾನ್‌ನಲ್ಲಿ ಕಾಣದ ಎಂಡೋಮೆಟ್ರಿಯೋಸಿಸ್ ಇರಬಹುದು, ನೋವು ಏರುತ್ತಾ ಹೋದರೆ ಮುಂದೆ ನೋಡೋಣ ಎಂದರು. ಆಕೆ ಮೆಫೆನಾಮಿಕ್ ಆಸಿಡ್‌ಗೇ ಮರಳಿದರು, ಒಂದು ಬದಲಾವಣೆಯೊಂದಿಗೆ. ಮೊದಲೆಲ್ಲ ನೋವು ತಡೆಯಲಾರದಷ್ಟು ಆದಮೇಲೆ ಒಂದು ನುಂಗುತ್ತಿದ್ದರು. ಈಗ ಸ್ರಾವದ ಸುಳಿವು ಸಿಕ್ಕ ಕೂಡಲೇ, ಊಟದ ಜತೆ, ಡಾಕ್ಟರ್ ಹೇಳಿದ ಹೊತ್ತಿಗೆ ಸರಿಯಾಗಿ. ಪ್ರೋಸ್ಟಾಗ್ಲಾಂಡಿನ್ ತಯಾರಾದ ಮೇಲೆ ತಡೆದರೆ ಅಷ್ಟು ಪ್ರಯೋಜನವಿಲ್ಲ, ತಯಾರಾಗುವ ಮೊದಲೇ ತಡೆಯಬೇಕಲ್ವಾ. ಇದರಿಂದ ಆಕೆಗೆ ಆಫೀಸಿಗೆ ಹೋಗುವಷ್ಟು ಆರಾಮ ಸಿಕ್ಕಿದೆ.

ತಂಗಿ ತನ್ನ ಪ್ರಬಂಧದ ವಿಷಯವನ್ನು ಇದರಿಂದಲೇ ಆರಿಸಿಕೊಂಡಿದ್ದಾಳೆ. 10 ಮೈಕ್ರೋಮೋಲಾರ್ ಸುರಿದು ಐದು ನಿಮಿಷ ನೋಡುವುದಲ್ಲ. 50 ನ್ಯಾನೋಮೋಲಾರ್ ಜೆನಿಸ್ಟೀನ್‌ನಲ್ಲಿ ಗರ್ಭಕೋಶದ ಪಟ್ಟಿಯನ್ನು ಒಂದು ರಾತ್ರಿ ಇಟ್ಟು, ಮರುದಿನ ಆಕ್ಸಿಟೋಸಿನ್‌ಗೆ ಅದು ಹೇಗೆ ಸ್ಪಂದಿಸುತ್ತದೆ, ಬಿಕೆ ಮತ್ತು ಎಲ್-ಟೈಪ್ ಚಾನೆಲ್‌ಗಳ ಪ್ರಮಾಣ ಬದಲಾಯಿತೇ ಎಂದು ನೋಡುವುದು. ಹೋಲಿಕೆಗೆ ಡೈಡ್ಜೀನ್, ಈಕ್ವಾಲ್, ಫುಲ್ವೆಸ್ಟ್ರಂಟ್. ಪ್ರಾಣಿ ಪ್ರಯೋಗದ ಸಮಿತಿಗೆ ಅರ್ಜಿ ಹೋಗಿದೆ, ಮೊದಲ ಆಕ್ಷೇಪಣೆಯೂ ಬಂದಿದೆ: ಇಲಿಗಳಿಗೆ ಸೋಯಾ ಇಲ್ಲದ ಆಹಾರ ಎಲ್ಲಿಂದ ತರುತ್ತೀರಿ? ಕೇಸೀನ್ ಹಾಕಿದ ಆಹಾರಕ್ಕೆ ದರಪಟ್ಟಿ ತರಿಸಿದೆವು. ಮಾಮೂಲಿ ಉಂಡೆಗಿಂತ ತುಂಬಾ ದುಬಾರಿ. ಇಲಿಗಳ ಸಂಖ್ಯೆ ಅಷ್ಟೇ ಇಟ್ಟು ಐಬೀರಿಯೋಟಾಕ್ಸಿನ್ ಬದಲು ಪೊಟ್ಯಾಸಿಯಂ ಚಾನೆಲ್ ತಡೆಯುವ ಅಗ್ಗದ ರಾಸಾಯನಿಕ ಟಿಇಎ ಬಳಸುವುದೆಂದು ಬಜೆಟ್ ತಿದ್ದಿ ಮತ್ತೆ ಕಳಿಸುತ್ತಿದ್ದೇವೆ.